ಟೀ ವಿರಾಮವನ್ನು ಔಷಧಿ ತಯಾರಿಕಾ ವಿಧಾನಕ್ಕೆ ಸೇರಿಸುವ ಬಗ್ಗೆ

ಇಂದ:
ಹಿರಿಯ ಆಪರೇಟರ್, ಮಿಶ್ರಣ ಕೋಣೆ
(ಹನ್ನೊಂದು ವರ್ಷ, ಒಂದೇ ಕುರ್ಚಿ)

ಗೆ:
ಮಾನ್ಯ ನಿರ್ದೇಶಕರು, ಎರಡನೇ ಮಹಡಿ

ವಿಷಯ: ಹೊಸ ಔಷಧಿಯನ್ನು ಹೊರಗಿನ ಕಾರ್ಖಾನೆಯಲ್ಲೇ ಮಾಡಿಸುವಂತೆ, ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡು ಕೋರುವ ಬಗ್ಗೆ.

ಉಲ್ಲೇಖ: 1. ಸ್ವಂತ ಕಾರ್ಖಾನೆ ಕಟ್ಟುವುದೋ, ಹೊರಗೆ ಮಾಡಿಸುವುದೋ ಎಂದು ಶುಕ್ರವಾರ ತೀರ್ಮಾನಿಸುವ ತಮ್ಮ ಸುತ್ತೋಲೆ.
2. ನಮ್ಮತ್ತೆಯವರ ಮೌಖಿಕ ಆದೇಶ.

ಮಾನ್ಯರೇ,

1. ನಾವು ಬರೆದುಕೊಟ್ಟ ವಿಧಾನದಂತೆ ಹೊರಗಿನ ಕಾರ್ಖಾನೆಯವರು ಅಕ್ಷರಶಃ ನಡೆದು, ಸದರಿ ಔಷಧಿಯನ್ನು ಮೂರು ಬಾರಿಯೂ ಕೆಡಿಸಿರುತ್ತಾರೆ. ಸೋಸುವಾಗ ಗಂಟುಗಂಟಾಗಿ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಸುದ್ದಿ ಬಂದಾಗ ನಮ್ಮ ಕೋಣೆಯ ಆರೂ ಜನ ಮುಖ ಸಪ್ಪಗೆ ಮಾಡಿಕೊಂಡು ಒಳಗೊಳಗೇ ಹಿಗ್ಗಿರುತ್ತೇವೆ. ಕಾರಣ, ತಯಾರಿಕೆ ಹೊರಗೆ ಹೋದರೆ ನಮ್ಮ ಕೋಣೆಗೆ ಬೀಗ ಎಂದು ಸುತ್ತೋಲೆಯಲ್ಲೇ ಇರುತ್ತದೆ.

2. ಕಳೆದ ವಾರ ಕಲಕಿ ಮುಗಿಸಿ, ಯಂತ್ರ ಆರಿಸಿ, ಎಂದಿನಂತೆ ಟೀಗೆ ಹೋಗಿ ಬಂದು ತೊಟ್ಟಿಯ ಗಾಜಿನ ಕಿಂಡಿಯಲ್ಲಿ ಇಣುಕಿದೆ. ಹೋಗುವಾಗ ಗೇಣುದ್ದ ಇದ್ದ ನೊರೆ ಪೂರ್ತಿ ಇಳಿದಿತ್ತು. ಕೂಡಲೇ ವಿಧಾನದ ಪ್ರತಿ ತೆಗೆದು ನೋಡಿದೆ. ನಮ್ಮ ವಿಧಾನದಲ್ಲಿ "ಕಲಕಿ, ಸೋಸಿ" ಎಂದಷ್ಟೇ ಇರುತ್ತದೆ. ನಡುವಿನ ಇಪ್ಪತ್ತು ನಿಮಿಷದ ಟೀ ಇರುವುದಿಲ್ಲ. ಹೊರಗಿನವರು ಸರದಿಯಂತೆ ಒಬ್ಬೊಬ್ಬರೇ ಟೀ ಕುಡಿಯುವ ಶಿಸ್ತಿನ ಜನರಾದ ಕಾರಣ ಅವರ ಯಂತ್ರ ನಿಲ್ಲುವುದೇ ಇಲ್ಲ. ಆದ್ದರಿಂದ ನೊರೆಸಮೇತ ಸೋಸಿರುತ್ತಾರೆ, ಆ ನೊರೆಯೇ ಗಂಟು ಕಟ್ಟಿರುತ್ತದೆ.

3. ವಿಧಾನ ಬರೆದುಕೊಂಡವರು ಗುಣಮಟ್ಟ ವಿಭಾಗದ ಸಾಹೇಬರು. ಮೂರು ದಿನ ನನ್ನ ಬೆನ್ನ ಹಿಂದೆ ನಿಂತು, ನಾನು ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡರು. ಟೀ ಹೊತ್ತಿಗೆ ಮಾತ್ರ ಪುಸ್ತಕ ಮುಚ್ಚಿ ನಮ್ಮೊಂದಿಗೇ ಬರುತ್ತಿದ್ದರು. ಪಾಪ, ಅವರನ್ನು ದೂರುವ ಉದ್ದೇಶ ನನಗಿಲ್ಲ. ಎರಡನೇ ದಿನ ಎರಡು ಕಪ್ ಕುಡಿದರೆಂಬುದನ್ನು ದಾಖಲೆಗಾಗಿ ತಿಳಿಸಿರುತ್ತೇನೆ.

4. ಐದು ದಿನ ಬಾಯಿ ಹೊಲಿದುಕೊಂಡು ಕೂತಿದ್ದೆ. ಆರನೇ ದಿನ, ಸದರಿ ಔಷಧಿ ಕೊಡುತ್ತಿರುವ ಆಸ್ಪತ್ರೆಯ ನರ್ಸಮ್ಮ ನಮ್ಮ ಕೋಣೆಗೆ ಫೋನ್ ಮಾಡಿ, ಪ್ರಯೋಗದಲ್ಲಿರುವ ನಲವತ್ತು ರೋಗಿಗಳಿಗೆ ಇನ್ನು ಹತ್ತು ವಾರದ ಔಷಧಿಯಷ್ಟೇ ಇದೆ, ಒಬ್ಬಾಕೆ ಈಗಷ್ಟೇ ಎದ್ದು ಓಡಾಡುತ್ತಿದ್ದಾಳೆ, ಮುಂದೇನು ಎಂದು ಕೇಳಿದರು. ಸ್ವಂತ ಕಾರ್ಖಾನೆಗೆ ಎರಡು ವರ್ಷ ಬೇಕು. ನಮ್ಮ ಪುಟ್ಟ ತೊಟ್ಟಿ ಹತ್ತು ಜನಕ್ಕೂ ಸಾಲದು. ಇಷ್ಟು ದಿನ ಕೂಡಿಟ್ಟಿದ್ದರಲ್ಲೇ ನಡೆದಿದೆ. ಅಂದು ರಾತ್ರಿ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದೆ. ಏನಾಯಿತೆಂದು ಅತ್ತೆ ಕೇಳಿದಾಗ ಎಲ್ಲ ಹೇಳಿಬಿಟ್ಟೆ.

"ನೀನು ಟೀ ಕುಡಿಯೋಕೇ ಕೆಲಸಕ್ಕೆ ಹೋಗೋದು ಅಂತ ಇಷ್ಟು ವರ್ಷ ಆಡ್ಕೊಂಡಿದ್ದೆ, ತಪ್ಪಾಯ್ತು ಕಣಮ್ಮಾ," ಎಂದರು. "ಆದ್ರೆ ಕಾಯಿಲೆ ಬಿದ್ದೋರ ಔಷಧಿ ತಡೆದು ನಮ್ಮನೆ ಒಲೆ ಉರಿಯೋದು ಬೇಡ. ನಾಳೇನೇ ಬರೆದುಕೊಟ್ಬಿಡು."

ಆದ್ದರಿಂದ, "ಕಲಕಿ" ಮತ್ತು "ಸೋಸಿ" ನಡುವೆ "ಯಂತ್ರ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಇಪ್ಪತ್ತು ನಿಮಿಷ ಟೀ ಕುಡಿಯುವುದು" ಎಂಬ ಹಂತ ಸೇರಿಸಿ, ತಯಾರಿಕೆಯನ್ನು ಹೊರಗಿನ ಕಾರ್ಖಾನೆಗೇ ವಹಿಸಬೇಕಾಗಿ ಕೋರುತ್ತೇನೆ. ಸುಮ್ಮನೆ ಕೂತರೂ ನೊರೆ ಇಳಿಯುತ್ತದೆ. ಆದರೆ ಯಂತ್ರದ ಮುಂದೆ ಯಾರೂ ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಗುಂಡಿ ಒತ್ತುತ್ತಾರೆ. ನಮ್ಮಲ್ಲಿ ಇಬ್ಬರಿಗೆ ಸಣ್ಣ ಮಕ್ಕಳಿರುವ ಕಾರಣ, ಬೇರೆ ವಿಭಾಗದಲ್ಲಿ ಜಾಗವಿದ್ದರೆ ಮೊದಲು ಅವರಿಗೆ ಕೊಡಬೇಕಾಗಿಯೂ ಕೋರುತ್ತೇನೆ.

ಬೀಗ ಬೀಳುವವರೆಗೆ ತಮ್ಮ ವಿಶ್ವಾಸಿ,
(ಸಹಿ)

ಅಡಕಗಳು:
1. ಸಂಶಯ ನಿವಾರಣೆಗಾಗಿ ಇಂದು ಬೆಳಿಗ್ಗೆ ನಾನು ಟೀ ಬಿಟ್ಟು ಸೋಸಿ ಕೆಡಿಸಿದ ಫಿಲ್ಟರ್, ಗಂಟುಸಮೇತ.
2. ಗುಣಮಟ್ಟದ ಸಾಹೇಬರ ಪುಸ್ತಕದ ರಟ್ಟಿನ ಫೋಟೋ, ಟೀ ಕಪ್ಪಿನ ಕಲೆ ಸಹಿತ.

ವಿ.ಸೂ.: ಈ ಅರ್ಜಿಯ ಸಂಗತಿ ನಮ್ಮ ಕೋಣೆಯ ಉಳಿದ ಐವರಿಗೆ ಇನ್ನೂ ಗೊತ್ತಿಲ್ಲ. ಅವರಿಗೆ ತಾವೇ ತಿಳಿಸಬೇಕಾಗಿಯೂ, ಆ ದಿನ ನನಗೆ ರಜೆ ಮಂಜೂರು ಮಾಡಬೇಕಾಗಿಯೂ ಪ್ರಾರ್ಥನೆ.