ಗೆರೆ ಸಣ್ಣದಿರಲಿ, ಎದೆ ನೆಟ್ಟಗಿರಲಿ

ನಿಪ್ಪಾಣಿಯ ನಮ್ಮ ಆಸ್ಪತ್ರೆಯಲ್ಲಿ ಗುರುವಾರ ಬಂತೆಂದರೆ ನಗು ಬರುವಂಥದ್ದೊಂದು ನಡೆಯದೆ ಇರುವುದಿಲ್ಲ. ಅವತ್ತು ಕೊಲ್ಲಾಪುರದಿಂದ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆ. ಅವರದು ಬರೀ ಮರಾಠಿ. ಜೋತುಬಿದ್ದ ಎದೆಯನ್ನು ಎತ್ತಿ ಕೂಡಿಸುವ ಆಪರೇಶನ್ ವಿಚಾರಿಸಲು ಬರುವ ಹೆಂಗಸರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನರ್ಸ್ ಆದ ನನ್ನದು. ಅಲ್ಲಿ ನಾನು ನಕ್ಕಿದ್ದು ಬಹಳ. ನಕ್ಕಿದ್ದಕ್ಕೆ ಮನೆಗೆ ಹೋಗಿ ಮರುಗಿದ್ದೂ ಅಷ್ಟೇ.

ಸಕ್ಕರಿ ಬ್ಯಾನಿ

ಮೊದಲ ವರ್ಷದ ಮಾತು. ದಿಗ್ಗೇವಾಡಿ ಕಡೆಯ ಒಕ್ಕಲುತನದ ಹೆಣ್ಣುಮಗಳು, ವಯಸ್ಸು ನಲವತ್ತರ ಮೇಲೆ. ಮೂರು ತಿಂಗಳು ಧೈರ್ಯ ಕೂಡಿಸಿಕೊಂಡು ಒಬ್ಬಳೇ ಬಂದಿದ್ದಳು. ಡಾಕ್ಟರು ಹಾಳೆಯ ಮೇಲೆ ಮೂರು ಚಿತ್ರ ಬರೆದರು. ನಾನು ಹೇಳುತ್ತ ಹೋದೆ: "ಒಂದರಾಗ ತೊಟ್ಟಿನ ಸುತ್ತ ಅಷ್ಟ ಕೊಯ್ತಾರ. ಗೆರಿ ಸಣ್ಣದು, ಎತ್ತೂದೂ ಕಡಿಮಿ. ಎರಡನೇದಕ್ಕ ಲಾಲಿಪಾಪ್ ಅಂತಾರ, ಸುತ್ತ ಕೊಯ್ದು ಕೆಳಗೊಂದು ನೆಟ್ಟನ ಗೆರಿ. ಮೂರನೇದಕ್ಕ ಬುಡದಾಗ ಅಡ್ಡಗೆರಿನೂ ಬರತೈತಿ. ಎತ್ತೂದು ಎಲ್ಲಾಕ್ಕಿಂತ ಜಾಸ್ತಿ, ಗಾಯದ ಕಲಿನೂ ಜಾಸ್ತಿ."

ಡಾಕ್ಟರು ನಡುವಿನ ಚಿತ್ರಕ್ಕೆ ಬೆರಳಿಟ್ಟು "ಲಾಲಿಪಾಪ್" ಅಂದರು.

ಆಕೆ ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಬಾಯಾರ, ನನಗ ಸಕ್ಕರಿ ಬ್ಯಾನಿ ಐತ್ರಿ. ಲಾಲಿಪಾಪ್ ನಡೆಯಂಗಿಲ್ಲಂತ ಸಾಹೇಬ್ರಿಗೆ ಹೇಳ್ರಿ."

ನಾನು ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಹೊರಬಿತ್ತು. ಆಕೆ ಸೆರಗು ಬಿಗಿ ಮಾಡಿಕೊಂಡು ಎದ್ದು ಹೋದಳು, ಮತ್ತೆ ಬರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಗಾಯ ಬೇಗ ಮಾಯುವುದಿಲ್ಲ. ಡಾಕ್ಟರಿಗೆ ಮೊದಲು ಗೊತ್ತಾಗಬೇಕಿದ್ದದ್ದೇ ಅದು. ಅಂದಮೇಲೆ ಆ ದಿನ ಕೋಣೆಯಲ್ಲಿ ಬುದ್ಧಿಯ ಮಾತಾಡಿದವಳು ಆಕೆ ಒಬ್ಬಳೇ.

ಟೀಚರ್ ಆರಿಸಿದ್ದು

ರಾಯಬಾಗದ ಒಬ್ಬ ಶಾಲೆ ಟೀಚರ್. ಡಾಕ್ಟರು ಬರುವುದು ತಡವಾಗಿತ್ತು. ಕೂತು ಕೂತು ಬೇಸರವಾಗಿ "ಕಲಿ ಕಡಿಮಿ ಆಗೂದು ಯಾವುದರಾಗ, ಸಿಸ್ಟರ್?" ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸುತ್ತ ಅಷ್ಟ ಕೊಯ್ಯೂದ್ರಾಗ್ರಿ. ವರ್ಷಕ್ಕ ಕಾಣೂದಽ ಇಲ್ಲ" ಅಂದೆ.

ಮುಗಿಯಿತು. ಆಮೇಲೆ ಡಾಕ್ಟರು ಬಂದು, ನಿಮಗೆ ಅಷ್ಟು ಸಾಲದು, ಸ್ವಲ್ಪ ದಿನಕ್ಕೆ ಮತ್ತೆ ಇಳಿಯುತ್ತದೆ ಎಂದು ಎರಡು ಸಲ ಹೇಳಿದರು. ನಾನೂ ಎರಡು ಸಲ ಕನ್ನಡ ಮಾಡಿದೆ. ಟೀಚರ್ ಬಗ್ಗಲಿಲ್ಲ. ಸಹಿ ಹಾಕಿದರು, ಆಪರೇಶನ್ ಆಯಿತು.

ವರ್ಷದ ಮೇಲೆ ತೋರಿಸಲು ಬಂದರು. ನನಗೆ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಸಣ್ಣಗೆ ನಕ್ಕರು. "ನೀವು ಹೇಳಿದ್ದು ಖರೇ, ಸಿಸ್ಟರ್. ಗೆರಿ ಕಾಣವಲ್ದು. ಆದ್ರ ಎತ್ತಿದ್ದೂ ಕಾಣವಲ್ದು."

ಅತ್ತಿ

ಅಥಣಿಯ ಸೊಸೆಯೊಬ್ಬಳು ಅತ್ತೆಯ ಜೊತೆ ಬಂದಿದ್ದಳು. ಮೂರು ಮಕ್ಕಳಿಗೆ ಹಾಲು ಕುಡಿಸಿದವಳು. "ಅತ್ತಿಗೆ ಬೆನ್ನು ನೋವಂತ ಹೇಳೇನ್ರಿ. ಖರೇ ಗೊತ್ತಾದ್ರ ತವರಿಗೆ ಅಟ್ಟತಾಳ" ಎಂದು ನನ್ನ ಕೈ ಹಿಡಿದಳು. ನಾನು ಹೊರಗೆ ಹೋಗಿ ಮುದುಕಿಗೆ ಸುಳ್ಳು ಹೇಳಿದೆ. "ಬೆನ್ನಿಂದು ಅಷ್ಟರಿ, ಆಯಿ. ಇಲ್ಲೇ ಕುಂಡ್ರಿ."

ಒಳಗೆ ಅರ್ಧ ತಾಸು ಮಾತಾಯಿತು. ಮತ್ತೆ ಬಸುರಾದರೆ ಎತ್ತಿದ್ದು ಇಳಿಯಬಹುದು, ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಎಲ್ಲ ಹೇಳಿದೆ. ಸೊಸೆ ಅಡ್ಡಗೆರೆಯದನ್ನೇ ಒಪ್ಪಿದಳು. ಪರದೆ ಸರಿಸಿದರೆ ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು, ಎಲ್ಲ ಕೇಳಿಸಿಕೊಂಡು ಕೂತಿದ್ದಾಳೆ. ಸೊಸೆ ನನ್ನ ಬೆನ್ನ ಹಿಂದೆ ಸರಿದಳು.

ಮುದುಕಿ ಆಕೆಯ ಕಡೆ ನೋಡಲೇ ಇಲ್ಲ. ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದಳು: "ಅಕಿದು ಆತು. ನನಗ ಯಾವುದು ಹೊಂದತೈತಿ, ಬಾಯಿ?"

ಡಾಕ್ಟರು ನಗದೆ ಎಲ್ಲ ವಿಚಾರಿಸಿದರು. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆ. ಆಗುವುದಿಲ್ಲ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಮುದುಕಿ ಡಾಕ್ಟರು ಬರೆದ ಚಿತ್ರಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಸೆರಗನ್ನು ಭುಜದ ಮೇಲೆ ಸರಿಯಾಗಿ ಹೊದ್ದುಕೊಂಡಳು.

"ಹೋಗ್ಲಿ ಬಿಡ್ರಿ. ನಲವತ್ತು ವರ್ಷದಿಂದ ಈ ಸೆರಗಿನ ಮ್ಯಾಲಽ ನಡಸೇನಿ. ಎತ್ತಂಗಿಲ್ಲ ಖರೇ, ಗೆರಿನೂ ಬೀಳಂಗಿಲ್ಲ."