ಹದಿನಾಲ್ಕನೆಯ ಕಾಲಂ

ಎಲ್ಲಕ್ಕೂ ಕಾರಣ ಅರ್ಜಿಯ ಹದಿನಾಲ್ಕನೆಯ ಕಾಲಂ. ಮೊದಲ ಹದಿಮೂರನ್ನು ಕ್ಯಾಪ್ಟನ್ ಸಲೀಸಾಗಿ ತುಂಬಿದ್ದ. ರಾಷ್ಟ್ರೀಯ ಫುಟ್‌ಬಾಲ್ ತಂಡದಲ್ಲಿ ಎಷ್ಟು ವರ್ಷ? ಹನ್ನೆರಡು. ಎಷ್ಟು ಪಂದ್ಯ? ಎಂಬತ್ತೊಂದು. ನಾಯಕನಾಗಿ? ನಲವತ್ತು. ಆಡಿದ ಸ್ಥಾನ? ಡಿಫೆಂಡರ್. ಹದಿನಾಲ್ಕು: ಹೊಡೆದ ಗೋಲುಗಳು. ಅಲ್ಲೊಂದು ಸೊನ್ನೆ ಬರೆದು, ದುಂಡಗೆ ಚೆನ್ನಾಗಿಯೇ ಬಂತು ಎಂದುಕೊಂಡು ಅರ್ಜಿಯನ್ನು ಮಡಿಚಿಟ್ಟಿದ್ದ.

ಅರ್ಜಿ ನೆಲ ಅಂತಸ್ತಿನ ಮನೆಗಾಗಿ. ಅವನು ಗುಮಾಸ್ತನಾಗಿದ್ದ ನೀರು ಸರಬರಾಜು ಇಲಾಖೆ, ಆಟಗಾರರಾದ ನೌಕರರಿಗೆಂದು ಅಂಥದ್ದೊಂದು ಮನೆ ಮೀಸಲಿಟ್ಟಿತ್ತು. ಈಗಿನ ಮನೆ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲು ಅರವತ್ತೆಂಟು. ಹನ್ನೆರಡು ವರ್ಷ ಎದುರಾಳಿಗಳ ಬೂಟಿಗೆ ಒಡ್ಡಿದ ಮಂಡಿಗಳು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಕ್ಯಾಪ್ಟನ್ ಏಡಿಯಂತೆ ಅಡ್ಡಡ್ಡ ಇಳಿಯುತ್ತಿದ್ದ.

"ಇವತ್ತೇ ಕೊನೇ ದಿನ, ನಾಲ್ಕು ಗಂಟೆಗೆ ಕೌಂಟರ್ ಮುಚ್ತಾರೆ," ಎಂದು ಹೆಂಡತಿ ಮೇಲಿನಿಂದ ಕೂಗಿದಳು. "ಮನೆ ಸಿಗದೆ ಹೋದ್ರೆ ನಿಮ್ಮನ್ನ ಬುಟ್ಟೀಲಿ ಕೂರಿಸಿ ಹಗ್ಗ ಕಟ್ಟಿ ಇಳಿಸ್ಬೇಕು, ಅಷ್ಟೆ!"

ಕೆಳಗೆ ದರ್ಜಿಯ ಅಂಗಡಿಯಲ್ಲಿ ನಿವೃತ್ತ ಮೇಷ್ಟ್ರು ಪೇಪರಿನಿಂದ ತಲೆಯೆತ್ತಿದರು.

"ಏನ್ ಕ್ಯಾಪ್ಟನ್ರೇ, ಇವತ್ತು ಯಾವ ಕಡೆ ಗೋಲು?"

ದರ್ಜಿ ಕತ್ತರಿ ಹಿಡಿದುಕೊಂಡೇ ನಕ್ಕ. ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಇದೇ ನಗು. ಒಂದು ಫೈನಲ್ ಪಂದ್ಯದ ಎಂಬತ್ತೇಳನೆಯ ನಿಮಿಷದಲ್ಲಿ ಎದುರಾಳಿ ಒದ್ದ ಚೆಂಡು ಕ್ಯಾಪ್ಟನ್ನನ ಕಾಲಿಗೆ ತಾಗಿ ನಮ್ಮ ಬಲೆಯೊಳಗೇ ಹೋಗಿತ್ತು, ಕಪ್ಪೂ ಹೋಗಿತ್ತು. ಅವನು ತಡೆದ ಸಾವಿರ ಚೆಂಡುಗಳು ಯಾರಿಗೂ ನೆನಪಿಲ್ಲ. ಇದೊಂದು ಎಲ್ಲರಿಗೂ ನೆನಪಿದೆ.

ಕಚೇರಿಯ ಕೌಂಟರಿನ ಮುಂದೆ ಸಾಲು. ಒಬ್ಬ ಮೆಲ್ಲಗೆ ಮುಂದೆ ನುಸುಳಿದ. ಕ್ಯಾಪ್ಟನ್ ತಟ್ಟನೆ ಬಲಗೈ ಎತ್ತಿ ಪಕ್ಕಕ್ಕೆ ನೋಡಿದ. ಎದುರಾಳಿ ನಿಯಮ ಮೀರಿ ಮುಂದೆ ನುಸುಳಿದರೆ ಆಫ್‌ಸೈಡ್ ಎಂದು ಕೈಯೆತ್ತಿ, ಗೆರೆಯಾಚೆ ಬಾವುಟ ಹಿಡಿದು ನಿಂತವನನ್ನು ಹುಡುಕುವುದು ಅವನ ಹಳೇ ಅಭ್ಯಾಸ. ಪಕ್ಕದಲ್ಲಿ ಕುಡಿಯುವ ನೀರಿನ ಡ್ರಮ್ಮಿತ್ತು. ನುಸುಳಿದವನು ತನ್ನ ಕೆಲಸ ಮುಗಿಸಿಕೊಂಡು ಹೋದ.

"ಸೊನ್ನೆ ತಗೊಳ್ಳಲ್ಲ ಸಾರ್," ಎಂದಳು ಕೌಂಟರಿನ ಹುಡುಗಿ.

"ಯಾರು?"

"ಕಂಪ್ಯೂಟರು. ಕೊನೇ ಪಕ್ಷ ಒಂದಾದ್ರೂ ಇರ್ಬೇಕು. ನೋಡಿ, ಸೊನ್ನೆ ಹಾಕಿದ್ರೆ ಕೆಂಪಗಾಗುತ್ತೆ."

"ನಾನು ಡಿಫೆಂಡರ್ ಕಣಮ್ಮ. ಗೋಲು ಹೊಡೆಯೋದಲ್ಲ, ಬೇರೆಯವರನ್ನ ಹೊಡೆಯೋಕೆ ಬಿಡದೇ ಇರೋದು ನನ್ನ ಕೆಲಸ."

"ಬಿಡದೇ ಇದ್ದದ್ದಕ್ಕೆ ಕಾಲಂ ಇಲ್ಲ ಸಾರ್."

ಅಷ್ಟರಲ್ಲಿ ಅಕ್ಕಪಕ್ಕದ ಮೇಜಿನವರೆಲ್ಲ, ಬೆಲ್ಲದ ಚೂರು ಬಿದ್ದಲ್ಲಿ ಇರುವೆ ಕೂಡಿದಂತೆ ಕೂಡಿದರು.

"ದೇಶಕ್ಕೆ ಹನ್ನೆರಡು ವರ್ಷ ಆಡಿ ಒಂದೂ ಹೊಡೆದಿಲ್ವೇನ್ರೀ?" ಕ್ಯಾಷಿಯರ್ ಹೌಹಾರಿದ. "ನಮ್ಮ ಆಫೀಸ್ ಪಿಕ್‌ನಿಕ್ಕಲ್ಲಿ ನಾನೇ ಎರಡು ಹೊಡ್ದೆ!"

"ಗೋಲ್‌ಕೀಪರ್ ಯಾರಿದ್ರು?" ಎಂದು ಯಾರೋ ಕೇಳಿದರು.

"ಇವ್ರೇ!"

ಕ್ಯಾಷಿಯರನ ಹೆಂಡತಿ ಮಕ್ಕಳು ನೋಡುತ್ತಿದ್ದರೆಂದು ಅವೆರಡನ್ನೂ ದಾಕ್ಷಿಣ್ಯಕ್ಕೆ ಬಿಟ್ಟದ್ದು ಕ್ಯಾಪ್ಟನ್‌ಗೆ ಮಾತ್ರ ಗೊತ್ತು.

ನಿಯಮಗಳ ಸಂದಿಯಲ್ಲಿ ಇಲಿಯಂತೆ ಓಡಾಡಬಲ್ಲ ಹೆಡ್ ಕ್ಲರ್ಕ್ ಮುಂದೆ ಬಂದರು. "ರೀ, ನೀವೂ ಒಂದು ಹೊಡ್ದಿದ್ದೀರಲ್ರೀ! ಆ ಫೈನಲ್ಲಲ್ಲಿ!"

"ಅದು ನಮ್ಮ ಬಲೆಗೇ ಸಾರ್."

"ಯಾವ ಬಲೆಗೆ ಅಂತ ಅರ್ಜೀಲಿ ಕೇಳಿದ್ದಾರಾ?"

ಎಲ್ಲರೂ ಅರ್ಜಿಯ ಮೇಲೆ ಬಗ್ಗಿದರು. ಕೇಳಿರಲಿಲ್ಲ.

"ಹೋಗಿ, ಫುಟ್‌ಬಾಲ್ ಸಂಸ್ಥೆಯಿಂದ ಒಂದು ಸರ್ಟಿಫಿಕೇಟ್ ತನ್ನಿ. ಸೀಲು ಮುಖ್ಯ."

ಹನ್ನೊಂದು ವರ್ಷ ಆ ಪಂದ್ಯದ ಮಾತೆತ್ತಿದರೆ ಎದ್ದು ಹೋಗುತ್ತಿದ್ದವನು ಈಗ ಅದಕ್ಕೇ ಸೀಲು ಹಾಕಿಸಬೇಕು. ಕ್ಯಾಪ್ಟನ್‌ಗೆ ಮುಖ ಸಣ್ಣಗಾಯಿತು. ಆದರೆ ಅರವತ್ತೆಂಟು ಮೆಟ್ಟಿಲು ನೆನಪಾದವು. ಬಸ್ಸು ಹತ್ತಿದ.

ಸಂಸ್ಥೆಯ ದಾಖಲೆ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಅಲ್ಲೂ ಲಿಫ್ಟ್ ಇರಲಿಲ್ಲ. ಕ್ಯಾಪ್ಟನ್ ಹತ್ತಿ ಮುಗಿಸುವಷ್ಟರಲ್ಲಿ ದಾಖಲೆ ಗುಮಾಸ್ತರು ಊಟ ಮುಗಿಸಿ ಡಬ್ಬಿ ತೊಳೆದಿಟ್ಟಿದ್ದರು.

"ನಾನು ಫೈನಲ್ಲಲ್ಲಿ ನಮಗೇ ಹೊಡೆದ ಗೋಲಿಗೆ ಒಂದು ಸರ್ಟಿಫಿಕೇಟ್ ಬೇಕಿತ್ತು."

ಗುಮಾಸ್ತರು ಕನ್ನಡಕ ತೆಗೆದು ನೋಡಿದರು. "ಜನ ಅಂಥದ್ದನ್ನ ಅಳಿಸಿಕೊಡಿ ಅಂತ ಬರ್ತಾರಪ್ಪ. ಬರೆದುಕೊಡಿ ಅಂತ ಬಂದವನು ನೀನೇ ಮೊದಲು."

ದಪ್ಪ ರಿಜಿಸ್ಟರು ಬಂತು. ಬೆರಳು ಸಾಲಿನ ಮೇಲೆ ಜಾರಿ ಒಂದು ಕಡೆ ನಿಂತಿತು.

"ಇದು ನಿನ್ನದಲ್ಲವಲ್ಲಪ್ಪ."

"ಏನು?"

"ಅವನು ಒದ್ದ ಚೆಂಡು ನೆಟ್ಟಗೆ ಬಲೆ ಕಡೆಗೇ ಹೋಗ್ತಿತ್ತಂತೆ. ನಿನ್ನ ಕಾಲು ಬರೀ ಅಡ್ಡ ಬಂದಿದ್ದು. ಪಂದ್ಯ ಆಗಿ ಮೂರನೇ ದಿನಕ್ಕೇ ಗೋಲನ್ನ ಅವನ ಹೆಸರಿಗೆ ಬರೆದಿದ್ದಾರೆ."

"ನಂಗ್ಯಾರೂ ಹೇಳ್ಲೇ ಇಲ್ಲ!"

"ಹೇಳದೇ ಏನು? ಕಾಗದ ಹಾಕಿದ್ವಿ. ವಾಪಸ್ ಬಂತು." ಗುಮಾಸ್ತರು ಪುಟಕ್ಕೆ ಅಂಟಿಸಿದ್ದ ಲಕೋಟೆಯನ್ನು ತೋರಿಸಿದರು. ಮೇಲೆ ಅಂಚೆಯವನ ಷರಾ: 'ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ವಾಪಸ್.'

"ಹಾಗಂತಲೇ ಬರೆದುಕೊಡಿ ಸಾರ್," ಎಂದ ಕ್ಯಾಪ್ಟನ್. ಗುಮಾಸ್ತರು ಬರೆದು ಸೀಲು ಒತ್ತಿಕೊಟ್ಟರು: ಹೊಡೆದ ಗೋಲು ಸೊನ್ನೆ, ತನ್ನ ತಂಡಕ್ಕೇ ಹೊಡೆದದ್ದು ಸೊನ್ನೆ.

ಅದನ್ನು ಹಿಡಿದು ನಾಲ್ಕಕ್ಕೆ ಐದು ನಿಮಿಷವಿರುವಾಗ ಕೌಂಟರ್ ಮುಟ್ಟಿದ. ಹುಡುಗಿ ಮತ್ತೆ ಸೊನ್ನೆ ಒತ್ತಿದಳು. ಕೆಂಪಗಾಯಿತು.

"ಹಾಗಾದ್ರೆ ಮನೆ?"

"ಕ್ಯಾಷಿಯರ್ ಸಾರ್‌ಗೇ ಆಗುತ್ತೆ. ಕಂಪ್ಯೂಟರು ತಗೊಂಡಿದ್ದು ಅವರದೊಂದನ್ನೇ. ಮಧ್ಯಾಹ್ನ ಅರ್ಜಿ ಹಾಕಿದ್ರು. ಎರಡು ಗೋಲು."

"ಅದು ಪಿಕ್‌ನಿಕ್ಕಿಂದು ಕಣಮ್ಮ!"

"ಯಾವ ಪಂದ್ಯ ಅಂತ ಅರ್ಜೀಲಿ ಕೇಳಿಲ್ಲ ಸಾರ್."

"ರಾಷ್ಟ್ರೀಯ ತಂಡದ ಕಾಲಂ?"

"ಖಾಲಿ ಬಿಟ್ಟಿದ್ದಾರೆ. ಅದು ಖಾಲಿ ಇದ್ರೆ ಕೆಂಪಗಾಗಲ್ಲ."

ಸಂಜೆ ದರ್ಜಿಯ ಅಂಗಡಿಯ ಮುಂದೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಸರ್ಟಿಫಿಕೇಟನ್ನು ಅವರ ಪೇಪರಿನ ಮೇಲೆ ಇಟ್ಟ. ಮನೆ ಹೋದರೆ ಹೋಗಲಿ, ಇದಾದರೂ ಮುಗಿಯಲಿ.

ದರ್ಜಿ ಇಣುಕಿ ನೋಡಿದ. "ಸೀಲು ಚೆನ್ನಾಗಿದೆ. ಆದ್ರೂ ನಾವು ಕಣ್ಣಾರೆ ನೋಡಿದ್ದೀವಲ್ಲ ಸಾರ್."

ಮೇಷ್ಟ್ರು ಮಾತ್ರ ಎರಡು ಸಲ ಓದಿದರು. ಮಡಿಚಿ, ಬಹಳ ಮರುಕದಿಂದ ವಾಪಸ್ ಕೊಟ್ಟರು.

"ಅದೊಂದೂ ನಿಮ್ಮದಲ್ಲ ಅನ್ನಿ. ಹಾಗಾದ್ರೆ ಹನ್ನೆರಡು ವರ್ಷ ನೀವು ಅಲ್ಲಿ ಮಾಡಿದ್ದಾದ್ರೂ ಏನು ಕ್ಯಾಪ್ಟನ್ರೇ?"

ಕ್ಯಾಪ್ಟನ್ನನ ಬಲಗೈ ತಾನಾಗಿಯೇ ಮೇಲೆದ್ದಿತು. ಅವನು ಪಕ್ಕಕ್ಕೆ ನೋಡಿದ. ಅಲ್ಲಿ ದರ್ಜಿ ಇಸ್ತ್ರಿ ಮಾಡಿ ತೂಗುಹಾಕಿದ್ದ ಒಂದು ಅಂಗಿ ಇತ್ತು. ಕೈ ಇಳಿಸಿ, ಮೊದಲ ಮೆಟ್ಟಿಲಿನ ಮೇಲೆ ಅಡ್ಡಡ್ಡವಾಗಿ ಕಾಲಿಟ್ಟ.