ಎರಡು ನಿಮಿಷದಲ್ಲಿ ಎರಡು ತಿಂಗಳು

"ಎಲ್ಲರೂ ಜಗಲಿ ಮೇಲೇ ಇರಿ! ಅಂಗಳಕ್ಕಿಳಿದವರ ಆಯುಸ್ಸಿಗೆ ನಾನು ಜವಾಬ್ದಾರನಲ್ಲ!"

ಹೀಗೆ ಘೋಷಿಸಿದವರು ಚಿದಂಬರಯ್ಯ. ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಬೇರೆಯವರ ಪ್ರಯೋಗಗಳಿಗೆ ಸಾಮಾನು ಜೋಡಿಸಿಕೊಟ್ಟು, ನಿವೃತ್ತಿಯ ಮೇಲೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸ್ವಂತ ಪ್ರಯೋಗಗಳಿಗೆ ಇಳಿದವರು. ಅವರ ದೋಸೆ ಮಗುಚುವ ಯಂತ್ರ ಎಸೆದ ದೋಸೆಯೊಂದು ಇವತ್ತಿಗೂ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. "ನನ್ನ ಸಾಧನೆ ಅಷ್ಟು ಎತ್ತರದ್ದು," ಎಂದು ಬಂದವರಿಗೆಲ್ಲ ಅವರೇ ತೋರಿಸುತ್ತಾರೆ.

ಈ ಸಲದ ಯಂತ್ರ ಹೊಸ ಅಂಗಳದ ನಡುವೆ ನಿಂತಿತ್ತು. ಮೇಸ್ತ್ರಿ ದಸ್ತಗೀರ್ ಕಾಂಕ್ರೀಟಿನ ಪೇವರ್ ಕಲ್ಲು ಹಾಸಿ ಆರು ದಿನವಾಗಿತ್ತು. ಮೇಲೆ ಹೊಳಪಿನ ಸೀಲರ್ ಬಳಿಯುವುದೊಂದು ಬಾಕಿ.

"ಎರಡು ತಿಂಗ್ಳು ತಡೀರಿ ಸಾರ್," ಎಂದ ಮೇಸ್ತ್ರಿ. "ಕಲ್ಲೊಳಗಿನ ಉಪ್ಪು ಬೆಳ್ಳಗೆ ಮೇಲೆ ಬರ್ಬೇಕು, ಪಸೆ ಆರ್ಬೇಕು. ಈಗ್ಲೇ ಬಳಿದ್ರೆ ಎಲ್ಲಾ ಒಳಗೇ ಸಿಕ್ಕಾಕ್ಕೊಂಡು ಕಲ್ಲು ಮಾಸಲಾಗ್ತೈತೆ."

"ಪಸೆ ಇರೋ ಮಾವಿನಕಾಯಿ ಜಾಡಿಗೆ ತುಂಬಿ ಬಾಯಿ ಕಟ್ಟಿದ್ರೆ ಬೂಸ್ಟು ಬರಲ್ವೇನ್ರೀ? ಹಾಗೇ ಇದೂ!" ಎಂದರು ಹೆಂಡತಿ ಗಿರಿಜಾಂಬ. "ಈ ಅಂಗಳಕ್ಕೆ ಹತ್ತು ವರ್ಷ ಕಾದಿದೀನಿ. ಹಾಳಾಯ್ತೋ, ನಿಮ್ಮ ಶೆಡ್ಡು ಗುಜರಿಗೆ!"

ಆ ಶೆಡ್ಡು ಬಿಟ್ಟರೆ ಚಿದಂಬರಯ್ಯ ತಲೆಯೆತ್ತಿ ಕೂರುವ ಜಾಗ ಲೋಕದಲ್ಲಿ ಇನ್ನೊಂದಿರಲಿಲ್ಲ. ಆದರೂ ಜಂಬ ಬಿಡಬೇಕಲ್ಲ!

"ಎರಡು ತಿಂಗಳು ಯಾಕೆ? ಎರಡೇ ನಿಮಿಷ! ಅಂಗಳದ ಮಟ್ಟಿಗೆ ಕಾಲವನ್ನೇ ಓಡಿಸೋ ಯಂತ್ರ ಕಣೇ ಇದು!"

ರಿಮೋಟು ಒತ್ತಿದರು. ಯಂತ್ರ ಗುಂಯ್‌ಗುಟ್ಟಿತು. ಕಲ್ಲಿನ ಮೇಲೆ ಬೆಳ್ಳಗೆ ಪುಡಿ ಎದ್ದಿತು, ನೋಡುತ್ತಿದ್ದಂತೆ ನಿಂತೂ ಹೋಯಿತು. ಸರಿಯಾಗಿ ಎರಡು ನಿಮಿಷಕ್ಕೆ ಆರಿಸಿದರು. ಮೇಸ್ತ್ರಿ ಇಳಿದು ಕಲ್ಲು ಮುಟ್ಟಿ ನೋಡಿದ. ಪೂರಾ ಒಣಗಿತ್ತು! ಪುಡಿ ಗುಡಿಸಿ ಸೀಲರ್ ಬಳಿದ.

"ಇನ್ನು ಒಂದು ದಿನ ಯಾರೂ ತುಳೀಬೇಡಿ, ಆರ್ಲಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಚಿದಂಬರಯ್ಯ ಚಿದಂಬರಯ್ಯ ಹೇಗಾದಾರು? "ಒಂದು ದಿನ ಅಂದ್ರೆ ಎರಡು ಸೆಕೆಂಡು!" ಎಂದು ಮತ್ತೆ ರಿಮೋಟು ಒತ್ತಿದರು. ಅದೇ ಹೊತ್ತಿಗೆ ಗಿರಿಜಾಂಬ, "ಉಪ್ಪಿಟ್ಟು ತಣ್ಣಗಾಗುತ್ತೆ, ಬನ್ನಿ ಒಳಗೆ," ಎಂದರು.

ಯಂತ್ರ ಆರಿಸದೆ, ಮೇಸ್ತ್ರಿಯನ್ನೂ ಕರೆದುಕೊಂಡು ಹೋದರು. ಉಪ್ಪಿಟ್ಟು ಐದು ನಿಮಿಷಕ್ಕೆ ಮುಗಿಯಿತು. ಯಂತ್ರದ ವರ್ಣನೆ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು.

"ರೀ! ಏನ್ರೀ ಇದು!"

ಹೊರಗೆ ಬಂದು ನೋಡಿದರೆ ಅಂಗಳಕ್ಕೆ ಏಳು ವರ್ಷ ವಯಸ್ಸಾಗಿತ್ತು! ಹೊಳಪು ಹಪ್ಪಳದಂತೆ ಎದ್ದಿತ್ತು, ಸಂದಿಯಲ್ಲಿ ಗರಿಕೆ ಬೆಳೆದಿತ್ತು, ಮೂರು ಕಲ್ಲು ಕುಸಿದಿದ್ದವು. ಅಂಗಳದಲ್ಲೇ ನಿಂತಿದ್ದ ಯಂತ್ರಕ್ಕೂ ಅಷ್ಟೇ ವಯಸ್ಸಾಗಿ ತುಕ್ಕು ಹಿಡಿದಿತ್ತು. ರಿಮೋಟಿಗೆ ಅದು ಕಿವಿಗೊಡಲಿಲ್ಲ. ಚಿದಂಬರಯ್ಯ ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಹಾರಿ, ಎರಡು ನಿಮಿಷ ಅದರ ತಿರುಪಿನೊಂದಿಗೆ ಗುದ್ದಾಡಿ, ಮುಖ ತುಂಬ ಗಡ್ಡ ಬಿಟ್ಟುಕೊಂಡು ಎರಡು ತಿಂಗಳ ಹಸಿವಿನಿಂದ ಜಗಲಿಗೆ ಬಿದ್ದರು.

"ಪ್ಲಗ್ಗು ಕಿತ್ತರಾಯ್ತಲ್ರೀ!" ಎಂದು ಗಿರಿಜಾಂಬ ಹಜಾರದಲ್ಲಿದ್ದ ಪ್ಲಗ್ಗು ಕಿತ್ತರು. ಚಿದಂಬರಯ್ಯನವರಿಗೆ ಅದು ಹೊಳೆದೇ ಇರಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಅವರು ಹೇಳಿಕೊಟ್ಟ ಮೊದಲ ಪಾಠವೇ ಅದು!

ಯಂತ್ರ ಒಮ್ಮೆ ಸೀನಿ, ವೃದ್ಧಾಪ್ಯದಿಂದ ತುಕ್ಕಿನ ಪುಡಿಯಾಗಿ ಉದುರಿತು. ಮೇಸ್ತ್ರಿ ಸೀಲರ್ ಡಬ್ಬಿ ತಿರುಗಿಸಿ ಓದಿದ.

"ಐದು ವರ್ಷ ಗ್ಯಾರಂಟಿ ಅಂತೈತೆ ಸಾರ್. ನಮ್ದು ಹೋದ ವರ್ಷದ ಆಚೆ ವರ್ಷವೇ ಮುಗೀತು."

ಗಿರಿಜಾಂಬ ಸೀದಾ ಗುಜರಿಯವನಿಗೆ ಫೋನು ಮಾಡಿದರು. ಅವನು ಶೆಡ್ಡಿನ ತಗಡು ಬಿಚ್ಚುವಾಗ ಚಿದಂಬರಯ್ಯನವರಿಗೆ ಕಣ್ಣೀರೇ ಬಂತು. ಗಡ್ಡ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಮುಂದಿನ ವಾರ ದಸ್ತಗೀರ್ ಹಳೇ ಕಲ್ಲು ಕಿತ್ತು ಹೊಸದು ಹಾಸಿದ.

"ಈ ಸಲ ಎರಡು ತಿಂಗ್ಳು ಕಾಯ್ತೀರಾ ಸಾರ್?"

ಜಗಲಿಯಲ್ಲಿ ಕೂತಿದ್ದ ಚಿದಂಬರಯ್ಯ ಗಡ್ಡ ನೀವಿಕೊಂಡರು.

"ಕಾಯ್ತೀನಪ್ಪ. ಬೇರೆ ಏನಾದ್ರೂ ಮಾಡೋಣ ಅಂದ್ರೆ ಶೆಡ್ಡೇ ಇಲ್ಲವಲ್ಲ."